ಕಾರು ಇಪ್ಪತ್ತು ಲಕ್ಷದ್ದು, ಪಾರ್ಟು ಅರವತ್ತು ಲಕ್ಷದ್ದು

ಹೋಯ್, ಆ ಮೊಬೈಲ್ ಸ್ವಲ್ಪ ಇತ್ಲಾಗೆ ಕೊಡಿ ನೋಡುವ. ಅಡಿಕೆ ಧಾರಣೆ ನೋಡ್ತಿದ್ದೆ ಅಂತ ಮನೆಯವರ ಹತ್ರ ಹೇಳಿದ್ರಲ್ಲ, ಧಾರಣೆ ನೋಡಕ್ಕೆ ಎರಡು ನಿಮಿಷ ಸಾಕು. ಬಾಕಿ ಒಂದು ತಾಸು ಎಂತ ನೋಡಿದ್ರಿ? (ಗೊತ್ತು ಬಿಡಿ. ಕೆಂಪು ಬಣ್ಣ, ಎರಡೇ ಬಾಗಿಲು, ಬಟನ್ ಒತ್ತಿದ್ರೆ ಮಾಡೇ ಮಡಚಿಕೊಂಡು ಡಿಕ್ಕಿ ಒಳಗೆ ಹೋಗ್ತದೆ.)

ನಾಚಿಕೊಳ್ಳುವಂಥದ್ದು ಎಂಥದೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಇದು ಊರಿಗೇ ಬಂದ ಜ್ವರ. ರಾಶಿ ಇಡಿ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಮೇಲೆ ಒಂದು ವರ್ಷ ಗಟ್ಟಿ ನಿಂತ್ರೆ ಸಾಕು. ಮೊದಲು ಜಗಲಿಗೆ ಗ್ರಾನೈಟ್, ಆಮೇಲೆ ಅಂಗಳಕ್ಕೆ ಇಂಟರ್‌ಲಾಕ್, ಆಮೇಲೆ ಕ್ರೆಟಾ. ಕ್ರೆಟಾ ಈಗ ಕೇರಿಗೆ ನಾಲ್ಕಾಯ್ತು. ಭಾವನ ಮನೆಗೆ ಫಾರ್ಚೂನರ್ ಬೇರೆ ಬಂತು. ಹಂಗಾರೆ ನೀವೆಂತ ಸುಮ್ಮನೆ ಕೂರೋದಾ?

ಆ ಕಾರು ಮಾರುವ ರೀಲ್ಸ್‌ನವನು ಹೇಳಿದ್ದೂ ಗೊತ್ತು. ‘ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ ಗಾಡಿ, ಒಂದು ರೂಪಾಯಿ ಕೆಲಸ ಇಲ್ಲ.’ (ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರೆಲ್ಲ ಡಾಕ್ಟರುಗಳದ್ದೇ ಆದ್ರೆ ಅವರು ಪೇಷಂಟ್ ನೋಡ್ತಿದ್ದಿದ್ದು ಯಾವಾಗ ಅಂತ ಒಮ್ಮೆ ಆದ್ರೂ ಕೇಳಿದ್ರಾ?) ಒಂದು ರೂಪಾಯಿ ಕೆಲಸ ಇಲ್ಲ ಅನ್ನೋದು ಮಾತ್ರ ನೂರಕ್ಕೆ ನೂರು ನಿಜ. ಆ ಕಾರಲ್ಲಿ ಒಂದು ರೂಪಾಯಿಗೆ ಆಗುವ ಕೆಲಸ ಯಾವುದೂ ಇಲ್ಲ.

ಬಿಎಂಡಬ್ಲ್ಯು ಜೆಡ್4 ಅಂತಲೇ ಇಟ್ಕೊಳ್ಳುವ. 2009ರಲ್ಲಿ ಬಂದ ಮಾದರಿ, ಬಲ್ಲವರು ಇ89 ಅಂತಾರೆ. ಹೊಸದರಲ್ಲಿ ಅರವತ್ತು ಲಕ್ಷದ ಆಸುಪಾಸಿನ ಗಾಡಿ. ಹತ್ತು ಹನ್ನೆರಡು ವರ್ಷ ಅವರಿವರ ಕೈಲಿ ಓಡಿ ಈಗ ಇಪ್ಪತ್ತು ಲಕ್ಷಕ್ಕೆ ನಿಮ್ಮ ಮೊಬೈಲಿಗೆ ಬಂದು ಕೂತಿದೆ. ನಿಮ್ಮ ಕಣ್ಣಿಗೆ ಕಾಣ್ತಿರೋದು ಉಳಿದ ನಲವತ್ತು ಲಕ್ಷ, ಅಲ್ದಾ?

ಇಳಿದದ್ದು ಕಾರಿನ ರೇಟು ಮಾತ್ರ ಮಾರಾಯ್ರೆ. ಅದರ ಪಂಪು, ಲೈಟು, ಗೇರ್‌ಬಾಕ್ಸು ಯಾವುದಕ್ಕೂ ಕಾರಿಗೆ ವಯಸ್ಸಾದ ಸುದ್ದಿಯೇ ಮುಟ್ಟಿಲ್ಲ. ಅವು ಇವತ್ತಿಗೂ ಅರವತ್ತು ಲಕ್ಷದ ಕಾರಿನ ಪಾರ್ಟುಗಳೇ. ಯೂರೋ ಏರಿದ ಹಾಗೆ ಅವೂ ಏರಿವೆ. ಬಿಲ್ಲು ಬರೆಯುವವನು ನೀವು ಎಷ್ಟಕ್ಕೆ ತಗೊಂಡ್ರಿ ಅಂತ ಕೇಳೋದಿಲ್ಲ, ಯಾವ ಮಾಡೆಲ್ ಅಂತ ಕೇಳ್ತಾನೆ.

ರೂಪಾಯಿಯಲ್ಲಿ ಹೇಳಿದ್ರೆ ನಿಮಗೆ ತಾಗೋದಿಲ್ಲ. ಕ್ವಿಂಟಾಲಿನಲ್ಲಿ ಹೇಳ್ತೇನೆ. ಲೆಕ್ಕಕ್ಕೆ ಸಸಾರ ಆಗಲಿ ಅಂತ ರಾಶಿಗೆ ಐವತ್ತು ಸಾವಿರ ಹಿಡಿಯುವ. ಕಾರು ನಲವತ್ತು ಕ್ವಿಂಟಾಲ್. ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಬಂದ್ರೆ ಒಳ್ಳೇ ತೋಟ ಅಂತೀರಿ. ಅಂದ್ರೆ ನಾಲ್ಕೈದು ಎಕರೆಯ ಒಂದು ವರ್ಷದ ಬೆಳೆ, ಕೊನೆಗಾರನ ಕೂಲಿ, ಸುಲಿಯುವವರ ಕೂಲಿ, ಬೋರ್ಡೋ ಖರ್ಚು ಒಂದನ್ನೂ ಕಳೆಯದೆ. (ಕೊನೆಗಾರ ಈ ವರ್ಷ ಸ್ವಲ್ಪ ಜಾಸ್ತಿ ಕೇಳಿದ್ದಕ್ಕೆ ಅರ್ಧ ದಿನ ಅಂಗಳದಲ್ಲಿ ನಿಂತು ವಾದ ಮಾಡಿದ್ದು ಯಾರು? ನಾನಂತೂ ಅಲ್ಲ.)

ಇರಲಿ. ನಿಮ್ಮ ಮನಸ್ಸು ಆ ಮಡಚುವ ಮಾಡಿನ ಮೇಲೆ ಕೂತಿದೆ. ಅಲ್ಲಿಗೇ ಬರುವ.

ಜೆಡ್4ರ ಮಾಡು ಬಟ್ಟೆಯದ್ದಲ್ಲ, ಅಲ್ಯೂಮಿನಿಯಮ್ಮಿನ ಎರಡು ತುಂಡು. ಬಟನ್ ಒತ್ತಿದ್ರೆ ಇಪ್ಪತ್ತು ಸೆಕೆಂಡಿನಲ್ಲಿ ಎದ್ದು, ಮಡಚಿ, ಡಿಕ್ಕಿಯೊಳಗೆ ಮಲಗ್ತದೆ. ನೋಡಕ್ಕೆ ಭಾರೀ ಚಂದ, ಸುಳ್ಳು ಯಾಕೆ ಹೇಳೋದು. ಅದನ್ನ ಎತ್ತಿ ಇಳಿಸುವುದು ಒಂದು ಹೈಡ್ರಾಲಿಕ್ ಪಂಪು, ಪಂಪಿಗೊಂದು ಮೋಟಾರು. ಇದರ ಹಿಂದಿನ ತಲೆಮಾರಿನ, ಬಟ್ಟೆ ಮಾಡಿನ ಜೆಡ್4ರಲ್ಲಿ ಆ ಮೋಟಾರನ್ನ ಜರ್ಮನಿಯ ಇಂಜಿನಿಯರುಗಳು ಇಟ್ಟಿದ್ದು ಎಲ್ಲಿ ಅಂತೀರಿ? ಗಾಡಿಯ ಹಿಂಬದಿಯ ಮೂಲೆಯಲ್ಲಿ, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ.

ಮಾಡಿನ ಅಂಚಿಗೆ ಬಿದ್ದ ಮಳೆನೀರು ಇಳಿದು ಹೋಗಲಿ ಅಂತ ಸಣ್ಣ ಸಣ್ಣ ತೂತು, ತೂತಿಗೆ ಕೊಳವೆ ಇಟ್ಟಿದ್ದಾರೆ. ಆ ಕೊಳವೆಗೆ ನಾಲ್ಕು ಎಲೆ ಸಿಕ್ಕಿಕೊಂಡ್ರೆ ನೀರು ಹೊರಗೆ ಹೋಗುವುದಿಲ್ಲ, ಒಳಗೆ ಇಳಿಯುತ್ತದೆ. ಇಳಿದ ನೀರು ಹೋಗಿ ನಿಲ್ಲುವುದು ಆ ತಗ್ಗಿನ ಮೂಲೆಯಲ್ಲೇ. ಮೋಟಾರು ಮುಳುಗ್ತದೆ, ಸುಡ್ತದೆ, ಮಾಡು ನಿಂತಲ್ಲೇ ನಿಲ್ತದೆ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಆ ಹಳೇ ಜೆಡ್4 ಇಟ್ಟುಕೊಂಡವರೆಲ್ಲ ಅತ್ತು ಕರೆದದ್ದು ಇದೇ ವಿಷಯಕ್ಕೆ. ಎಷ್ಟೋ ಜನ ಬೇಸತ್ತು ಮೋಟಾರನ್ನೇ ಕಿತ್ತು ಡಿಕ್ಕಿಯೊಳಗೆ ಮೇಲೆ ಇಡಿಸಿಕೊಂಡಿದ್ದಾರೆ.

ಅವರ ಊರಿನಲ್ಲಿ ಬೀಳುವುದು ಮಳೆಯಾ? ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆಯನ್ನ ಆಗುಂಬೆ ಆಷಾಢದ ಒಂದು ವಾರದಲ್ಲಿ ಸುರಿದು ಮುಗಿಸ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟುವುದು ಹೊಸತಲ್ಲ. ಹುಲಿಕಲ್ ಎಷ್ಟೋ ವರ್ಷ ಅದನ್ನೂ ಹಿಂದೆ ಹಾಕಿದೆ. ಇನ್ನು ಎಲೆ? ನಿಮ್ಮನೆ ಅಂಗಳದ ಹಲಸಿನ ಮರದ ದರಗು ಒಂದೇ ಸಾಕು, ಜರ್ಮನಿಯ ಅಷ್ಟೂ ತೂತು ಮುಚ್ಚಲಿಕ್ಕೆ.

ಈಗ ಕಣ್ಣು ಮುಚ್ಚಿ, ನಿಮ್ಮ ಗಾಡಿಯ ಮಾಡೂ ಕೈಕೊಟ್ಟಿತು ಅಂತ ಇಟ್ಕೊಳ್ಳಿ. ಹೊಸನಗರದಲ್ಲಿ ಬಿಸಿಲಿತ್ತು, ಮಾಡು ತೆಗೆದ್ರಿ. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿಗೆ ಇಳಿಯುವಾಗ ಆಚೆಯಿಂದ ಮಳೆ ಬಂತು. ಬಟನ್ ಒತ್ತಿದ್ರಿ. ಮಾಡು ಅರ್ಧ ಎದ್ದು ಆಕಾಶ ನೋಡ್ತಾ ನಿಂತಿತು. ಪಕ್ಕದಲ್ಲಿ ಮನೆಯವರು, ರೇಷ್ಮೆ ಸೀರೆ, ಕುಂದಾಪುರದಲ್ಲಿ ಮದುವೆ. ಅವರು ಏನೂ ಮಾತಾಡ್ತಿಲ್ಲ. (ಮಾತಾಡಿದ್ರೆ ಎಷ್ಟೋ ವಾಸಿ ಇತ್ತು.) ಹಿಂದೆ ಬಂದ ಕೆಎಸ್ಸಾರ್ಟಿಸಿ ಬಸ್ಸಿನವರೆಲ್ಲ ಕಿಟಕಿಯಿಂದ ಮುಖ ಹಾಕಿ ನೋಡ್ತಿದ್ದಾರೆ. ನೀವು ಕಾರು ತಗೊಂಡಿದ್ದೇ ಜನ ನೋಡಲಿ ಅಂತ, ನೋಡಿದ್ರಲ್ಲ!

ಇದನ್ನ ಸರಿ ಮಾಡಿಸೋದು ಸಣ್ಣ ಕೆಲಸ ಅಲ್ಲ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಲಕ್ಷಗಳ ಮಾತು. ಮೂರು ಕ್ವಿಂಟಾಲೋ ಐದು ಕ್ವಿಂಟಾಲೋ ಅಂತ ಚೌಕಾಸಿ ಮಾಡುವ ಧೈರ್ಯ ನಿಮಗಿದ್ರೆ ಮಾಡಿ.

‘ಅದು ಬೇಡ, ಪೋರ್ಶ ತಗೊಳ್ತೇನೆ’ ಅಂತೀರಾ? ತಗೊಳ್ಳಿ. ಮೊದಲ ತಲೆಮಾರಿನ ಬಾಕ್ಸ್‌ಸ್ಟರಿಗೂ ಇದೇ ತೂತು, ಇದೇ ಎಲೆ. ಅದರಲ್ಲಿ ನೀರು ಇಳಿದು ಹೋಗಿ ಸೇರುವುದು ಸೀಟಿನ ಅಡಿಗೆ. ಸೀಟಿನ ಅಡಿಯಲ್ಲಿ ಕೂತಿರುವುದು ಬೀಗ, ಅಲಾರಂ, ಕಳ್ಳರ ಕಾವಲು ಎಲ್ಲ ನೋಡಿಕೊಳ್ಳುವ ಕಂಪ್ಯೂಟರ್ ಡಬ್ಬಿ. ಅದು ನೆಂದ್ರೆ ಕಾರು ಯಜಮಾನರನ್ನೇ ಕಳ್ಳ ಅಂತ ತಿಳಿದು ಸ್ಟಾರ್ಟೇ ಆಗುವುದಿಲ್ಲ.

ಅದರ ಇಂಜಿನ್ನಿನೊಳಗೆ ಐಎಂಎಸ್ ಬೇರಿಂಗ್ ಅಂತ ಒಂದುಂಟು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಅದು ಪುಡಿಯಾದ್ರೆ ಇಡೀ ಇಂಜಿನ್ ಗುಜರಿ. 1997ರ ನಂತರ ಕೆಲವು ವರ್ಷ ಬಂದ ಬಾಕ್ಸ್‌ಸ್ಟರ್, 911 ಕಾರುಗಳ ಹಳೇ ಕಥೆ ಇದು. ಅಮೆರಿಕದಲ್ಲಿ ಯಜಮಾನರೆಲ್ಲ ಸೇರಿ ಕೋರ್ಟಿಗೆ ಹೋಗಿ, 2013ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ನೀವು ಯಾವ ಕೋರ್ಟಿಗೆ ಹೋಗ್ತೀರಿ? ಸಾಗರದ ಕೋರ್ಟಿನಲ್ಲಿ ನಿಮ್ಮ ಬೇಲಿ ಕೇಸೇ ಇನ್ನೂ ಮುಗಿದಿಲ್ಲ.

ಆಡಿ ಟಿಟಿ ಅಂತೀರಿ ಈಗ. ಚಂದ ಉಂಟು, ಗುಂಡಗೆ ಉಂಟು. ಅದರ ಗೇರ್‌ಬಾಕ್ಸಿಗೆ ಎರಡು ಕ್ಲಚ್ಚು, ಎರಡನ್ನೂ ಆಡಿಸಲಿಕ್ಕೆ ಮೆಕಾಟ್ರಾನಿಕ್ ಅನ್ನೋ ಒಂದು ಯೂನಿಟ್ಟು. ಅರ್ಧ ಹೈಡ್ರಾಲಿಕ್, ಅರ್ಧ ಕಂಪ್ಯೂಟರ್. ಅದು ಕೈಕೊಟ್ರೆ ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಕಾರು ಬಿಕ್ಕಳಿಸ್ತದೆ, ಆಮೇಲೆ ರಿವರ್ಸ್ ಬೀಳೋದಿಲ್ಲ. ಅದರ ಎರಡು ಲೀಟರ್ ಪೆಟ್ರೋಲ್ ಇಂಜಿನ್ನಿನ ಹಳೇ ಪೈಕಿ ಕೆಲವಕ್ಕೆ ಪಿಸ್ಟನ್ ರಿಂಗಿನ ದೋಷ. ಪೆಟ್ರೋಲಿನ ಜೊತೆ ಆಯಿಲನ್ನೂ ಕುಡೀತವೆ. ನಿಮ್ಮಲ್ಲಿ ಔಷಧಿ ಹೊಡೆಯುವ ಪಂಪಿಗೂ ಆಯಿಲ್ ಬೆರೆಸಿಯೇ ಹಾಕ್ತೀರಲ್ಲ, ಅಭ್ಯಾಸ ಉಂಟು ಬಿಡಿ.

ಜೆಡ್4ರ ಆ ಮೂರು ಲೀಟರಿನ ಟರ್ಬೊ ಇಂಜಿನ್ನೂ ಸಾಚಾ ಏನಲ್ಲ. ಅದರ ಹೈ ಪ್ರೆಶರ್ ಫ್ಯೂಯಲ್ ಪಂಪಿಗಾಗಿ ಬಿಎಂಡಬ್ಲ್ಯುನವರೇ 2010ರಲ್ಲಿ ಅಮೆರಿಕದಲ್ಲಿ ಸುಮಾರು 1.3 ಲಕ್ಷ ಕಾರುಗಳನ್ನ ವಾಪಸ್ ಕರೆದ್ರು. ನೀರಿನ ಪಂಪು ಬೆಲ್ಟಿನಿಂದ ತಿರುಗೋದಲ್ಲ, ಕರೆಂಟಿನದ್ದು. ನಿನ್ನೆವರೆಗೆ ಸರಿ ಇತ್ತು, ಇವತ್ತಿಲ್ಲ, ಅಷ್ಟೇ ಅದರ ಚರಿತ್ರೆ. ಟ್ಯಾಂಕಿ, ಪೈಪಿನ ತುದಿ ಎಲ್ಲ ಪ್ಲಾಸ್ಟಿಕ್, ಕಾದು ಕಾದು ಹತ್ತು ವರ್ಷಕ್ಕೆ ಬಿಸ್ಕತ್ತಾಗಿರ್ತದೆ. ಆಗುಂಬೆಯ ಹದಿನಾಲ್ಕು ತಿರುವು ಹತ್ತಿಸುವಾಗ ಮುರಿಯೋದಕ್ಕೆ ಅದಕ್ಕಿಂತ ಒಳ್ಳೇ ಜಾಗ ಯಾವುದು?

(ಡೀಸೆಲ್ 320ಡಿ ತಗೊಂಡ್ರೆ ಉಳಿತಾಯ ಅಂತ ನಿಮ್ಮ ಬೆಂಗಳೂರಿನ ಮಗ ಹೇಳಿದ್ನಾ? 2007ರಿಂದ ನಾಲ್ಕೈದು ವರ್ಷ ಬಂದ ಅವುಗಳ ಟೈಮಿಂಗ್ ಚೈನು ಸಡಿಲಾಗಿ ತುಂಡಾಗ್ತದೆ. ಚೈನು ಇರೋದು ಇಂಜಿನ್ನಿನ ಬೆನ್ನಿಗೆ. ಇಂಜಿನ್ನೋ ಗೇರ್‌ಬಾಕ್ಸೋ ಇಳಿಸದೆ ಮುಟ್ಟುವ ಹಾಗಿಲ್ಲ. ಮಗನಿಗೆ ಹೇಳಿ.)

ಮರ್ಸಿಡಿಸ್‌ನ ಗಾಳಿ ಸಸ್ಪೆನ್ಷನ್ ಕಥೆ ಚಿಕ್ಕದು. ರಬ್ಬರ್ ಚೀಲ ಬಿರುಕು ಬಿಡ್ತದೆ, ಗಾಳಿ ಸೋರ್ತದೆ, ಸೋರಿದ್ದನ್ನ ತುಂಬಿ ತುಂಬಿ ಕಂಪ್ರೆಸ್ಸರ್ ಸುಟ್ಟು ಹೋಗ್ತದೆ. ರಾತ್ರಿ ನಿಂತಿದ್ದ ಕಾರು ಬೆಳಿಗ್ಗೆ ಅಂಗಳದಲ್ಲಿ ಕೂತಿರ್ತದೆ.

ಈಗ ಸುಲಭದ್ದು ಕೇಳಿ. ಪಂಕ್ಚರ್. ಸ್ಟೆಪ್ನಿ ಹುಡುಕಬೇಡಿ, ಇಲ್ಲ. ರನ್‌ಫ್ಲಾಟ್ ಟೈರು, ಗಾಳಿ ಹೋದ ಮೇಲೂ ಗಂಟೆಗೆ 80 ಕಿಲೋಮೀಟರ್ ಮೀರದ ಹಾಗೆ ಸುಮಾರು 80 ಕಿಲೋಮೀಟರ್ ಓಡ್ತದೆ ಅಂತ ಕಂಪನಿ ಮಾತು. ಸಾಗರದಿಂದ ಶಿವಮೊಗ್ಗಕ್ಕೆ ಎಪ್ಪತ್ತು ಚಿಲ್ಲರೆ. ಅಂದ್ರೆ ಶಿವಮೊಗ್ಗ ಮುಟ್ಟಿದ್ರಿ, ಭೇಷ್. ಆ ಸೈಜಿನ ಟೈರು ಅಲ್ಲಿ ಸಿಗದಿದ್ರೆ? ತರಿಸಬೇಕು. ಒಂದೊಂದಕ್ಕೂ ಅರ್ಧ ಕ್ವಿಂಟಾಲು ಅಡಿಕೆ. ಜೋಡಿಯಾಗಿ ಬದಲಿಸಿ ಅಂತ ಬೇರೆ ಹೇಳ್ತಾರೆ.

ಬ್ಯಾಟರಿ ಬದಲಿಸೋದು ನಿಮಗೆ ನೀರು ಕುಡಿದಷ್ಟು ಸುಲಭ, ಜೀಪಿಗೆ ನೀವೇ ಹಾಕಿದ್ದೀರಿ. ಇದಕ್ಕೆ ಹಾಗಲ್ಲ. ಹೊಸ ಬ್ಯಾಟರಿ ಹಾಕಿದ ಮೇಲೆ ಲ್ಯಾಪ್‌ಟಾಪ್ ಚುಚ್ಚಿ ಕಾರಿಗೆ ತಿಳಿಸಬೇಕು, ‘ಸ್ವಾಮಿ, ಹೊಸದು ಹಾಕಿದ್ದೇವೆ’ ಅಂತ. ತಿಳಿಸದಿದ್ರೆ ಅದು ಹಳೇ ಬ್ಯಾಟರಿಗೆ ಕೊಟ್ಟ ಹಾಗೇ ಚಾರ್ಜ್ ಕೊಟ್ಟು ಹೊಸದನ್ನೂ ಹಾಳು ಮಾಡ್ತದೆ. ಬಿ.ಎಚ್. ರಸ್ತೆಯ ನಿಮ್ಮ ಹಳೇ ಮೆಕ್ಯಾನಿಕ್ ಕಣ್ಣು ಮುಚ್ಚಿ ಓಮ್ನಿಯ ಕಾರ್ಬುರೇಟರ್ ಬಿಚ್ಚಿ ಜೋಡಿಸ್ತಾನೆ, ಶಬ್ದ ಕೇಳಿಯೇ ಕಾಯಿಲೆ ಹೇಳ್ತಾನೆ. ಅಂಥವನೂ ಇದರ ಬಾನೆಟ್ ಎತ್ತಿ, ಒಳಗೆ ಬರೀ ಕಪ್ಪು ಪ್ಲಾಸ್ಟಿಕ್ ಮುಚ್ಚಳ ನೋಡಿ, ಮೆಲ್ಲಗೆ ಇಳಿಸಿ ಕೈ ಒರೆಸಿಕೊಳ್ತಾನೆ. ಅವನ ದೊಡ್ಡತನ ಅದು. ಗೊತ್ತಿಲ್ಲದವನು ಬಿಚ್ಚಿಬಿಡ್ತಾನೆ.

ಹಂಪುಗಳ ವಿಷಯ ಎತ್ತಲೋ ಬೇಡವೋ? ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕ. ನಮ್ಮೂರ ಹಂಪು ಹಾಕಿದವರು ಆ ಪುಸ್ತಕ ಓದಿದವರಲ್ಲ. ಶಾಲೆ ಎದುರು ಒಂದು, ದೇವಸ್ಥಾನದ ಎದುರು ಎರಡು, ಪಂಚಾಯ್ತಿ ಸದಸ್ಯರ ಮನೆ ಎದುರು ಮೂರು. ಇಂಥ ಕಾರುಗಳ ಹೊಟ್ಟೆ ನೆಲದಿಂದ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಮೇಲಿದ್ರೆ ಹೆಚ್ಚು. ನಿಮ್ಮ ಹಳೇ ಆಲ್ಟೊ 16 ಸೆಂಟಿಮೀಟರ್ ಇದ್ದೂ ಕೆರೆದುಕೊಳ್ತಿತ್ತು. ಇನ್ನು ಡಾಂಬರು ಬಿಟ್ಟು ನಿಮ್ಮನೆ ಮಣ್ಣು ರಸ್ತೆಗೆ ತಿರುಗುವಲ್ಲಿ ಮೋರಿ, ಮೋರಿ ದಾಟಿದ್ರೆ ದಣಪೆ. ದಣಪೆ ತೆಗೆಯೋರು ಯಾರು? ನೀವೇ ಇಳಿಯಬೇಕು. ಅಷ್ಟು ತಗ್ಗಿನ ಸೀಟಿನಿಂದ ಏಳುವಾಗ ನಿಮ್ಮ ಮಂಡಿ ಎಂತ ಶಬ್ದ ಮಾಡ್ತದೆ ಅಂತ ಯೋಚನೆ ಮಾಡಿದ್ರಾ?

‘ಸಿಗಂದೂರಿಗೆ ಸೇತುವೆ ಆಯ್ತಲ್ಲ, ಅಲ್ಲಿ ಮಾಡು ತೆಗೆದು ಒಂದು ರೌಂಡ್ ಹೋಗುವ’ ಅಂತ ನಿಮ್ಮ ಕನಸು. ಒಪ್ಪಿದೆ. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು, ಎರಡು ಕಿಲೋಮೀಟರಿಗೂ ಉದ್ದ, ಎರಡೂ ಬದಿ ಶರಾವತಿ ಹಿನ್ನೀರು. ಮೊದಲಾದ್ರೆ ಹೊಳೆಬಾಗಿಲಲ್ಲಿ ಲಾಂಚಿಗೆ ಹತ್ತಿಸುವಾಗಲೇ ನಿಮ್ಮ ಬಂಪರ್ ಹೊಳೆ ಪಾಲಾಗ್ತಿತ್ತು. ಈಗ ಆ ಭಯ ಇಲ್ಲ. ಆದರೆ ಕಾರಿಗೆ ಇರೋದು ಎರಡೇ ಸೀಟು. ನಿಮ್ಮನೇಲಿ ಸಿಗಂದೂರಿಗೆ ಅಂತ ಹೊರಟ್ರೆ ಆಯಿ, ಅತ್ತೆ, ಮಕ್ಕಳು, ಪಕ್ಕದ ಮನೆಯವರು, ಒಂದು ಬುತ್ತಿ ಚೀಲ. ಯಾರನ್ನ ಬಿಟ್ಟು ಹೋಗ್ತೀರಿ, ಈಗಲೇ ಹೆಸರು ಹೇಳಿ ನೋಡುವ?

ಕೆಟ್ಟು ನಿಂತ್ರೆ ಟೋ ಮಾಡಿಸಿದ್ರಾಯ್ತು ಅಂತೀರಿ. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಯೋ ಗಾಡಿ ಅಲ್ಲ ಇದು, ಫ್ಲಾಟ್‌ಬೆಡ್ ಲಾರಿಯೇ ಬರಬೇಕು. ಸರ್ವಿಸ್ ಸೆಂಟರಿಗೆ ಅಂತ ತೀರ್ಥಹಳ್ಳಿಯಿಂದ ಮಂಗಳೂರಿಗೆ ಹೊರಟ್ರೆ ಹತ್ತಿರದ ದಾರಿ ಆಗುಂಬೆ ಘಾಟಿ. ಮಳೆಗಾಲ ಬಂತು ಅಂದ್ರೆ ಅಲ್ಲಿ ಭಾರೀ ವಾಹನಕ್ಕೆ ಜಿಲ್ಲಾಧಿಕಾರಿಗಳ ನಿಷೇಧ ಬೀಳೋದು ಮಾಮೂಲಿ. ಆಗ ಲಾರಿ ಮಾಸ್ತಿಕಟ್ಟೆ, ಹೊಸಂಗಡಿ, ಸಿದ್ದಾಪುರ ಅಂತ ಸುತ್ತಬೇಕು. ಕಾರು ಕೆಡೋದು ಯಾವ ಕಾಲದಲ್ಲಿ ಅಂತ ನಾನು ಮೇಲೆಯೇ ಹೇಳಿದ್ದೇನೆ. ಅದೇ ಕಾಲದಲ್ಲಿ.

ವಿಮೆ ಇದೆಯಲ್ಲ? ಇದೆ. ಕಾರಿಗೆ ಐದಾರು ವರ್ಷ ದಾಟಿದ್ರೆ ಝೀರೊ ಡೆಪ್ ಕೊಡಲಿಕ್ಕೆ ಹಿಂದೆ ಮುಂದೆ ನೋಡ್ತಾರೆ. ಅದಿಲ್ಲದಿದ್ರೆ ಪ್ಲಾಸ್ಟಿಕ್ಕು, ರಬ್ಬರಿನ ಭಾಗಕ್ಕೆ ಅರ್ಧವೇ ಸಿಗೋದು. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೂ ಅಷ್ಟೇ. ರಿಪೇರಿ ಖರ್ಚು ವಿಮಾ ಮೌಲ್ಯದ ಮುಕ್ಕಾಲು ಭಾಗ ಮೀರಿದ್ರೆ ಗಾಡಿಯನ್ನೇ ಟೋಟಲ್ ಲಾಸ್ ಅಂತ ಬರೆದುಬಿಡ್ತಾರೆ. ಅರವತ್ತು ಲಕ್ಷದ ಪಾರ್ಟು, ಇಪ್ಪತ್ತು ಲಕ್ಷದ ಮೌಲ್ಯ. ಎಮ್ಮೆ ಅಡ್ಡ ಬಂದು ಎದುರಿನ ಎರಡು ಹೆಡ್‌ಲೈಟು, ಬಂಪರ್, ರೇಡಿಯೇಟರ್, ಏರ್‌ಬ್ಯಾಗ್ ಹೋದ್ರೆ ಮುಕ್ಕಾಲು ಮುಟ್ಟಲಿಕ್ಕೆ ಎಷ್ಟು ಹೊತ್ತು? (ಆ ಹೆಡ್‌ಲೈಟು ಒಂದೇ ಲಕ್ಷ ದಾಟುವ ಸಾಮಾನು. ಎಮ್ಮೆಗೆ ಏನೂ ಆಗಿರೋದಿಲ್ಲ.)

ಒಂದು ವೇಳೆ ರೇಟು ಇನ್ನೂ ಅಗ್ಗ ಕಂಡ್ರೆ ನಂಬರ್ ಪ್ಲೇಟ್ ನೋಡಿ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳಿಗೆ ಬಿದ್ದ ತಡೆಯನ್ನ 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿಯಿತು. ಅಲ್ಲಿ ಬೇಡವಾದ ಕಾರು ಹೊರಡ್ತವೆ ದಕ್ಷಿಣಕ್ಕೆ. ಪುದುಚೇರಿ ನಂಬರಿನವೂ ಬೇಕಾದಷ್ಟು. ಅದು ಕೆಎ-15 ಆಗಬೇಕಾದ್ರೆ ಅಲ್ಲಿಂದ ಎನ್‌ಒಸಿ ತರಬೇಕು, ಸಾಗರದ ಆರ್‌ಟಿಒದಲ್ಲಿ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ನಮ್ಮ ರಾಜ್ಯದಲ್ಲಿ ದುಬಾರಿ ಕಾರಿಗೆ ಹೊಸದರಲ್ಲೇ ಶೇ 18. ಕಟ್ಟದೆ ಓಡಿಸುವ ಅಂದ್ರೆ, 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯವರು ಸುಮಾರು 1.42 ಕೋಟಿ ಕಟ್ಟಿ ಕಾರು ಬಿಡಿಸಿಕೊಂಡದ್ದು ಪೇಪರಿನಲ್ಲಿ ಬಂದಿತ್ತು. ಇನ್ನೂರೆಂಬತ್ತು ಕ್ವಿಂಟಾಲ್ ಮಾರಾಯ್ರೆ, ಬರೀ ತೆರಿಗೆ!

ಇಷ್ಟೆಲ್ಲ ಹೇಳಿದ್ರೂ ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ, ತಗೊಳ್ಳೋದು ಖರೆ. ತಗೊಂಡ ಮೇಲೆ ಎಲ್ಲಿ ನಿಲ್ಲಿಸ್ತೀರಿ? ಅಡಿಕೆ ಅಟ್ಟದ ಕೆಳಗೆ, ಅಲ್ಲಿ ಇಲಿಗಳೂ ಉಂಟು. ಒಂದು ರಾತ್ರಿಯಲ್ಲಿ ವೈರಿಂಗ್ ಕತ್ತರಿಸಿ ಹಾಕಿದ್ರೆ ಲಕ್ಷಕ್ಕೆ ಕಮ್ಮಿ ಇಲ್ಲ. ಹೊರಗೆ ನಿಲ್ಲಿಸಿದ್ರೆ ದರಗು. ಮುಚ್ಚಿ ನಿಲ್ಲಿಸಿದ್ರೆ ಇನ್ನೊಂದು ಕಥೆ. ಜೂನಿನಲ್ಲಿ ಕವರ್ ಹಾಕಿದ ಕಾರಿನ ಬಾಗಿಲನ್ನ ಸೋಣೆ ತಿಂಗಳಲ್ಲಿ ತೆಗೆದು ನೋಡಿ. ಸ್ಟಿಯರಿಂಗಿನ ಚರ್ಮಕ್ಕೆ ಬೂದು ಬಣ್ಣದ ಬೂಷ್ಟು, ಸೀಟಿನ ಹೊಲಿಗೆ ಸಾಲಿನಲ್ಲಿ ಬಿಳೀ ಬೂಷ್ಟು, ಸೀಟ್ ಬೆಲ್ಟಿನ ಮೇಲೆ ಹಸಿರು ಚುಕ್ಕಿ. ಚಪ್ಪಲಿಗೆ ಬಂದ್ರೆ ಬಿಸಿಲಿಗೆ ಇಡ್ತೀರಿ. ಚರ್ಮದ ಸೀಟನ್ನ ಎಲ್ಲಿ ಇಡ್ತೀರಿ, ಬಿಸಿಲಾದ್ರೂ ಎಲ್ಲುಂಟು?

ಡೀಲರ್ ಹತ್ರ ನಿಂತು ‘ಸ್ಪಾಯ್ಲರ್ ಕಾರ್ಬನ್ ಫೈಬರ್ ಸಾರ್’ ಅಂತ ಅವನು ಹೇಳಿದ ಕೂಡಲೇ ಬಾಯಿ ಬಿಡಬೇಡಿ. ನಿಮ್ಮನೇಲೂ ಕಾರ್ಬನ್ ಫೈಬರ್ ಉಂಟು, ಅರವತ್ತು ಅಡಿ ಉದ್ದದ್ದು, ದೋಟಿ. ಅದನ್ನ ತಗೊಳ್ಳುವಾಗ ಹತ್ತು ಸಲ ಬಗ್ಗಿಸಿ, ಎತ್ತಿ, ಭಾರ ನೋಡಿ, ಸಬ್ಸಿಡಿ ಕೇಳಿ ತಗೊಂಡ್ರಿ. ಕಾರನ್ನ ಮಾತ್ರ ಎರಡು ಫೋಟೋ ನೋಡಿ ಅಡ್ವಾನ್ಸ್ ಹಾಕಲಿಕ್ಕೆ ಹೊರಟಿದ್ದೀರಿ.

ನಿಜ ಹೇಳಿ, ನಿಮಗೆ ಮೋಸ ಮಾಡೋದು ಸುಲಭವಾ? ಮಂಡಿಯಲ್ಲಿ ಅಡಿಕೆ ಚೀಲಕ್ಕೆ ಮೊಣಕೈವರೆಗೆ ಕೈ ಹಾಕಿ ಅಡಿಯದನ್ನ ತೆಗೆದು ನೋಡೋರು ನೀವು. ಕಚ್ಚಿ ಶಬ್ದ ಕೇಳಿ ತೇವ ಹೇಳ್ತೀರಿ. ಬೆಟ್ಟೆಯ ನಡುವೆ ನಾಲ್ಕು ಗೊರಬಲು ಸೇರಿಸಿದ್ರೆ ಮಾರು ದೂರದಿಂದ ಕಾಣ್ತದೆ ನಿಮಗೆ. ಕಾರಿನ ವ್ಯಾಪಾರದಲ್ಲೂ ಅದೇ ಕೈಯನ್ನ ಚೀಲದ ಅಡಿಗೆ ಹಾಕಬೇಕು, ಅಷ್ಟೇ. ಹೊಳೆಯೋದು ಮೇಲಿನ ಪದರ.

ಸೀಟ್ ಬೆಲ್ಟನ್ನ ಕೊನೆವರೆಗೆ ಎಳೆಯಿರಿ. ಕೊನೆಯ ಒಂದು ಮೊಳದಲ್ಲಿ ಮಣ್ಣಿನ ಗೆರೆ ಇದ್ರೆ ಅದು ನೆರೆಯಲ್ಲಿ ಮುಳುಗಿ ಎದ್ದ ಕಾರು. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಅಂಥ ದುಬಾರಿ ಕಾರುಗಳು ರಾಶಿ ರಾಶಿ ಹರಾಜಾದವು. ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸೀಟಿನ ಅಡಿಯ ಕಂಬಿಗೆ ತುಕ್ಕು ಉಂಟಾ ಅಂತ ಬೆರಳು ಹಾಕಿ ಸವರಿ. ಡೀಲರ್ ಮುಖ ಸಿಂಡರಿಸಿದ್ರೆ ಸಿಂಡರಿಸಲಿ, ಮಂಡಿಯ ಸಾಹುಕಾರನೂ ಸಿಂಡರಿಸ್ತಾನೆ.

ಸ್ಕ್ಯಾನರ್ ಚುಚ್ಚಿಸಿ ನೋಡಿ, ಅದಕ್ಕೂ ಒಂದು ಕಿವಿಮಾತು. ‘ನೋಡಿ ಸಾರ್, ಒಂದೂ ಎರರ್ ಇಲ್ಲ’ ಅಂತ ತೋರಿಸಿದ್ರೆ ಖುಷಿಪಡಬೇಡಿ. ನೀವು ಬರುವ ಬೆಳಿಗ್ಗೆಯೇ ಅಳಿಸಿಟ್ಟಿರಬಹುದು. ಅದೇ ಸ್ಕ್ಯಾನರಿನಲ್ಲಿ ರೆಡಿನೆಸ್ ಅಂತ ಒಂದು ಪುಟ ಉಂಟು. ಅಲ್ಲಿ ‘ನಾಟ್ ರೆಡಿ’ ಅಂತ ಸಾಲಾಗಿ ಇದ್ರೆ ಕೋಡುಗಳನ್ನ ಈಗಷ್ಟೇ ಅಳಿಸಿದ್ದು ಅಂತ ಅರ್ಥ. ಎರಡು ಮೂರು ದಿನ ಓಡಿಸಿಟ್ಟಿರಿ, ಆಮೇಲೆ ಬರ್ತೇನೆ ಅನ್ನಿ. ಮತ್ತೆ ಫೋನ್ ಎತ್ತದಿದ್ರೆ ಪುಣ್ಯ ಅಂದ್ಕೊಳ್ಳಿ.

ಸರ್ವಿಸ್ ಬುಕ್ ಇಲ್ಲದ ಕಾರು ಪುಕ್ಕಟೆ ಕೊಟ್ರೂ ಬೇಡ. ಮಾಡು ತೆಗೆದು ಹಾಕಿಸಿ, ಒಂದೇ ಸಲ ಅಲ್ಲ, ಮೂರು ಸಲ. ಕಾರಿಗೆ ಕೊಡುವ ದುಡ್ಡಿನ ಕಾಲು ಭಾಗ ಬೇರೆ ಖಾತೆಯಲ್ಲಿ ಇಟ್ಟು ಮರೆತುಬಿಡಿ, ಮೊದಲ ವರ್ಷದಲ್ಲಿ ಅದು ನಿಮ್ಮದಲ್ಲ. ಆ ಕಾಲು ಭಾಗ ಇಲ್ಲ ಅಂದ್ರೆ ಕಾರಿನ ದುಡ್ಡೂ ಇಲ್ಲ ಅಂತಲೇ ಲೆಕ್ಕ. ಧಾರಣೆ 2014ರಲ್ಲಿ ಲಕ್ಷದ ಹತ್ತಿರ ಹೋಗಿ, ಮತ್ತೆರಡು ವರ್ಷಕ್ಕೆ ಹೇಗೆ ಜಾರಿತು ಅಂತ ನಿಮಗೆ ನಾನು ನೆನಪು ಮಾಡಬೇಕಾ? ಎಲೆಚುಕ್ಕಿ ರೋಗ ಬೇರೆ ತೋಟದ ಬಾಗಿಲಿಗೆ ಬಂದು ನಿಂತಿದೆ.

ಕಡೆಗೆ ಒಂದೇ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಕಾರು ನೋಡಲಿಕ್ಕೆ ಹೋಗಬೇಡಿ, ಬಿಸಿಲಿಗೆ ಎಲ್ಲ ಕಾರೂ ಚಂದವೇ. ಜುಲೈಯಲ್ಲಿ ಹೋಗಿ, ಜೋರು ಮಳೆ ಹಿಡಿದ ದಿನ ನೋಡಿ ಹೋಗಿ, ಒಂದು ತಾಸು ಮಳೆಯಲ್ಲೇ ನಿಲ್ಲಿಸಿ, ಆಮೇಲೆ ಕಾರ್ಪೆಟ್ಟಿನ ಅಡಿಗೆ ಕೈ ಹಾಕಿ. ಒಣಗಿದ್ರೆ ಫೋನ್ ಮಾಡಿ, ನಾನೂ ಬರ್ತೇನೆ, ಎರಡನೇ ಸೀಟು ಖಾಲಿ ಇದ್ರೆ.